ತೊಂದರೆಯಾದರೆ ಅಫ್ರೋಜ್

ಅಫ್ರೋಜ್ ಅಂದರೆ ಒಂದು ಕಂಪನಿ ಎಂದು ಲಕ್ಷ್ಮೀಕಾಂತ ತಿಳಿದಿದ್ದ. ಸಣ್ಣಪುಟ್ಟ ಕಂಪನಿಯಲ್ಲ, ಗಾಜಿನ ಕಟ್ಟಡ, ಲಿಫ್ಟು, ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಸೆಕ್ಯುರಿಟಿ ಎಲ್ಲ ಇರುವಂಥದು. 2003ರಲ್ಲಿ ಊರ್ಡಿಗೆರೆಯಿಂದ ಬಂದು ತುಮಕೂರಿನ ಕುಣಿಗಲ್ ರಸ್ತೆಯ ವೇ ಬ್ರಿಡ್ಜ್‌ನಲ್ಲಿ ಲಾರಿ ತೂಗಿ ಚೀಟಿ ಕೊಡುವ ಕೆಲಸಕ್ಕೆ ಅವನು ಸೇರಿದ್ದ. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಕರಿ ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಓಡಿ, ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು ನಿಲ್ಲುತ್ತಿತ್ತು: ತೊಂದರೆಯಾದರೆ ಅಫ್ರೋಜ್. ಪಕ್ಕದಲ್ಲಿ ಒಂದು ಫೋನ್ ನಂಬರು. ಬಿ.ಕಾಂ. ಓದಿದವನಿಗೆ ಇಷ್ಟು ಸಾಕಲ್ಲ. ಹೆಡ್ ಆಫೀಸು ಬೊಂಬಾಯಿಯಲ್ಲಿ ಇರಬೇಕು ಎಂದು ತಾನೇ ತೀರ್ಮಾನ ಮಾಡಿಬಿಟ್ಟ.

ಸೇರಿದ ವಾರದಲ್ಲೇ ಚೀಟಿ ಬರುವುದು ನಿಂತಿತು. ತೂಕದ ಹಲಗೆಯ ಮೇಲೆ ಎಳನೀರಿನ ಲಾರಿ, ಹಿಂದೆ ಇನ್ನಷ್ಟು ಲಾರಿ. ಲಕ್ಷ್ಮೀಕಾಂತ ಅಂಗಿ ಸರಿಮಾಡಿಕೊಂಡು ಫೋನ್ ಮಾಡಿದ.

"ಅಫ್ರೋಜ್ ಕಂಪನಿಯವರಾ? ಸರ್ವಿಸ್ ಡಿಪಾರ್ಟ್‌ಮೆಂಟ್‌ಗೆ ಕೊಡಿ ಮೇಡಂ."

ಆ ಕಡೆ ವಯಸ್ಸಾದ ಹೆಂಗಸಿನ ದನಿ. "ಸರ್ವಿಸ್ ಸ್ನಾನಕ್ಕೆ ಹೋಗೈತಪ್ಪ."

"ಹಾಗಾದ್ರೆ ಮ್ಯಾನೇಜರ್‌ಗೆ ಕೊಡಿ."

"ನಾನೇ. ಪ್ರಿಂಟರ್ ವೈರ್ ಕಿತ್ತೋಗಿರ್ತದೆ ನೋಡು. ಮೊದ್ಲು ಅದನ್ನ ಒತ್ತಿ ಚುಚ್ಚು."

ನೋಡಿದ. ಕಿತ್ತುಹೋಗಿತ್ತು.

ಮ್ಯಾನೇಜರ್ ಅಂದರೆ ಅಫ್ರೋಜನ ತಾಯಿ ರಝಿಯಾ. ಹೆಡ್ ಆಫೀಸು ಗುಬ್ಬಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ, ಅವನ ತಂದೆ ಅಹಮದ್ ಪಾಷಾರ ಮೋಟಾರ್ ವೈಂಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆ. ಮಧ್ಯಾಹ್ನ ಸರ್ವಿಸ್ ಡಿಪಾರ್ಟ್‌ಮೆಂಟೇ ಹಳೆ ಸ್ಕೂಟರಿನಲ್ಲಿ ಬಂತು. ತೆಳ್ಳಗಿನ ಆಳು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿದ ಹಾಗೆ ಟೆಸ್ಟರ್ ಸಿಕ್ಕಿಸಿಕೊಂಡಿದ್ದ.

"ವೈರ್ ಚುಚ್ಚಿದ್ರಂತಲ್ಲ, ಸರಿಹೋಯ್ತಲ್ಲ?" ಎಂದ.

"ಸರಿಹೋಯ್ತು ಭಾಯ್. ಮತ್ತೆ ಯಾಕೆ ಬಂದ್ರಿ?"

"ಫೋನ್ ಬಂದ್ಮೇಲೆ ಬರ್ಲೇಬೇಕಲ್ಲಪ್ಪ," ಎಂದು ಕಂಪ್ಯೂಟರ್ ಪೆಟ್ಟಿಗೆಯ ಧೂಳು ಒರೆಸಿದ.

ಈ ಪೆಟ್ಟಿಗೆಯ ಕಥೆಯನ್ನು ಅವನು ಆಮೇಲೆ ತುಣುಕು ತುಣುಕಾಗಿ ಹೇಳಿದ. ವೇ ಬ್ರಿಡ್ಜ್‌ನಲ್ಲಿ ತೂಗುವ ಯಂತ್ರ ಬೇರೆ, ಅದಕ್ಕೆ ಸರ್ಕಾರದ ಸೀಲು. ಚೀಟಿ ಬರೆಯುವ ಕಂಪ್ಯೂಟರ್ ಬೇರೆ. ಅದು ತಗಡಿನ ಪೆಟ್ಟಿಗೆಯೊಳಗಿನ ಒಂದೇ ಒಂದು ಹಸಿರು ಬೋರ್ಡು. ಪ್ರೊಸೆಸರ್, ಮೆಮೊರಿ, ವೈರು ಚುಚ್ಚುವ ಜಾಗ ಎಲ್ಲ ಅದರ ಮೇಲೇ. ತೊಂಬತ್ತರ ದಶಕದಲ್ಲಿ ಯಾವುದೋ ಕಂಪನಿ ಇಂಥವನ್ನು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯೆಲ್ಲ ಮಾರಿ, ಆಮೇಲೆ ಬಾಗಿಲು ಹಾಕಿಕೊಂಡು ಹೋಯಿತು. ಎರಡು ಸಾವಿರನೇ ಇಸವಿ ಬಂದಾಗ ಅದರ ಸಾಫ್ಟ್‌ವೇರಿಗೆ ಅಂಥದೊಂದು ಇಸವಿ ಇದೆ ಎಂಬುದೇ ಗೊತ್ತಿರಲಿಲ್ಲ. ಕೊಬ್ಬರಿ ಲಾರಿಗಳು ಸಾವಿರದ ಒಂಬೈನೂರನೇ ಇಸವಿಯಲ್ಲಿ ತೂಕವಾಗತೊಡಗಿದವು. ಚೆಕ್‌ಪೋಸ್ಟಿನವರು ಅಂಥ ಚೀಟಿ ನೋಡಿ ಡ್ರೈವರ್‌ಗಳ ಮುಖ ನೋಡುತ್ತಿದ್ದರು.

ಕುಣಿಗಲ್ ರಸ್ತೆಯ ವೇ ಬ್ರಿಡ್ಜ್ ಯಜಮಾನ ರಾಮಾಂಜಿನಯ್ಯ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಗುಬ್ಬಿಗೆ ಹೋದ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಪ್ಪನ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ ಅಫ್ರೋಜನ ಮುಂದೆ ಇಟ್ಟ. "ಮೋಟಾರ್ ರಿಪೇರಿ ಮಾಡೋನಿಗೆ ಇದ್ಯಾವ ಲೆಕ್ಕ ಬುಡು," ಎಂದು ಹೇಳಿ ಚಹಾ ಕುಡಿದು ಬಂದ.

ಅಫ್ರೋಜನ ಹತ್ತಿರ ಮ್ಯಾಗಜೀನಿನ ಜೊತೆ ಬಂದಿದ್ದ ಒಂದು ಸಿ.ಡಿ. ಇತ್ತು. ಅದರಲ್ಲಿ ಲಿನಕ್ಸ್. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ತಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ. ಹಳೆ ಸಾಫ್ಟ್‌ವೇರ್ ತೆಗೆದು ಇದನ್ನೇ ಕೂರಿಸೋಣ ಎಂದುಕೊಂಡ. ಆದರೆ ಆ ಬೋರ್ಡಿನ ಮೆಮೊರಿಯಲ್ಲಿ ಅದು ಹಿಡಿಸುತ್ತಿರಲಿಲ್ಲ. ಬೇಡದ್ದನ್ನೆಲ್ಲ ಕತ್ತರಿಸಿದ. ಇಲ್ಲದ್ದನ್ನು ತರಲು ಬಸ್ಸಿನಲ್ಲಿ ತುಮಕೂರಿನ ಸೈಬರ್ ಸೆಂಟರಿಗೆ ಹೋಗಿ ಫ್ಲಾಪಿಗಳಲ್ಲಿ ತುಂಬಿಕೊಂಡು ಬಂದ. ಮನೆಗೆ ಬರುವಷ್ಟರಲ್ಲಿ ಒಂದಲ್ಲ ಒಂದು ಫ್ಲಾಪಿ ಕೆಟ್ಟಿರುತ್ತಿತ್ತು. ಮತ್ತೆ ಬಸ್ಸು.

ಕೊನೆಗೂ ಲಿನಕ್ಸ್ ಎದ್ದಿತು. ಎದ್ದು ಸ್ವಲ್ಪ ಹೊತ್ತಿಗೆ ಬಿದ್ದಿತು. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ಆ ಬೋರ್ಡಿನ ಮೇಲೆ ವಾಚ್‌ಡಾಗ್ ಎಂಬ ಒಂದು ಚಿಪ್ಪಿತ್ತು. ಆಗಾಗ "ನಾನಿದ್ದೀನಿ" ಎಂದು ಅದಕ್ಕೆ ಹೇಳುತ್ತಿರಬೇಕು. ಹೇಳದಿದ್ದರೆ ಸತ್ತಿದೆ ಎಂದುಕೊಂಡು ಎಲ್ಲವನ್ನೂ ಆರಿಸಿ ಮೊದಲಿಂದ ಶುರುಮಾಡುತ್ತದೆ. ಬೋರ್ಡಿನೊಳಗೆ ಎಲ್ಲಿಗೆ ಹೇಳಬೇಕು ಎಂಬ ವಿಳಾಸದ ಅಂಕಿ ಮುಚ್ಚಿಹೋದ ಕಂಪನಿಯ ಜೊತೆಗೇ ಹೋಗಿತ್ತು. ಅಫ್ರೋಜ್ ಲಿನಕ್ಸ್ ಬಲ್ಲ ಪರದೇಶದವರ ಇ-ಮೇಲ್ ಗುಂಪೊಂದಕ್ಕೆ ಬರೆದು ಕೇಳಿದ. ಒಬ್ಬ ಪುಣ್ಯಾತ್ಮ ಉತ್ತರ ಕೊಟ್ಟ: ಆ ಬೋರ್ಡ್ ಬಿಸಾಡಿ. ಅಫ್ರೋಜ್ ಬಿಸಾಡಲಿಲ್ಲ. ಒಂದೊಂದೇ ವಿಳಾಸ ಹಾಕಿ ನೋಡುತ್ತಾ ಒಂದು ಮಳೆಗಾಲ ಕಳೆದ. ಒಂದು ದಿನ ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಬೋರ್ಡು ಬೀಳದೆ ನಿಂತಿತ್ತು.

ಆ ಖುಷಿಯಲ್ಲಿ ಮಾಡಿದ ಕೆಲಸವೇ ಆ ಸಾಲು. ಅಂಗಡಿಗೆ ಬೋರ್ಡು ಬರೆಸುವ ಹಾಗೆ, ಲಿನಕ್ಸ್‌ನ ಹೊಟ್ಟೆಯೊಳಗೇ ತನ್ನ ಹೆಸರು, ಮನೆಯ ನಂಬರು ಸೇರಿಸಿ ಚಿಪ್ಪಿಗೆ ಸುಟ್ಟ. ಚಿಪ್ಪಿಗೆ ತುಂಬುವುದಕ್ಕೆ ಅವರು ಸುಡುವುದು ಅನ್ನುತ್ತಾರೆ. ಒಂದು ಸರಿಹೋಯಿತು ಎಂದು ಗೊತ್ತಾದ ಮೇಲೆ ಮೂರು ತಾಲೂಕಿನ ಪೆಟ್ಟಿಗೆಗಳೂ ಗುಬ್ಬಿಗೆ ಬಂದವು. ಎಲ್ಲವೂ ಆ ಸಾಲು ಹೊತ್ತುಕೊಂಡು ವಾಪಸ್ ಹೋದವು.

ಅಲ್ಲಿಂದ ಅಫ್ರೋಜ್ ಹಗ್ಗ ಕಟ್ಟಿದ ಕರುವಾದ. ಕರೆಂಟ್ ಹೋದರೂ ಫೋನು, ಇಲಿ ವೈರ್ ಕಡಿದರೂ ಫೋನು. ಅರ್ಜೂ ಎಂಬ ಹುಡುಗಿಯ ಜೊತೆ ಕುಣಿಗಲ್ಲಿನಲ್ಲಿ ಅವನ ನಿಕಾಹ್ ಆದ ದಿನ ರಝಿಯಾ ಬೀಗರ ಮನೆಯ ನಂಬರನ್ನೂ ಎಲ್ಲ ವೇ ಬ್ರಿಡ್ಜ್‌ನವರಿಗೂ ಹಂಚಿದ್ದರು. ಮದುವಣಿಗ ಮುಖದ ಮೇಲಿನ ಮಲ್ಲಿಗೆ ಸರಗಳನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ರಿಸೀವರ್ ಹಿಡಿದು, "ಎಂಟರ್ ಒತ್ತಿ, ಮತ್ತೆ ಒತ್ತಿ, ಬಂತಾ?" ಎನ್ನುತ್ತಿದ್ದುದನ್ನು ಹೆಣ್ಣಿನ ಕಡೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಬಿಡಿಸಿಕೊಳ್ಳಲು ಅವನು ನೋಡಲಿಲ್ಲ ಎಂದಲ್ಲ. ಈ ವಿದ್ಯೆಯಲ್ಲಿ ಗುಟ್ಟು ಇಟ್ಟುಕೊಳ್ಳುವಂತಿಲ್ಲ, ಎಲ್ಲವೂ ಎಲ್ಲರದು ಎನ್ನುತ್ತಿದ್ದ. ಹಾಗೇ ತಾನು ಮಾಡಿದ್ದನ್ನೆಲ್ಲ ಸಿ.ಡಿ.ಯಲ್ಲಿ ತುಂಬಿ, ಯಾರಾದರೂ ಕಲಿತುಕೊಳ್ಳಲಿ ಎಂದು ವೇ ಬ್ರಿಡ್ಜ್‌ಗೊಂದು ಕೊಟ್ಟ. ಅಮೃತೂರಿನವರು ಅದನ್ನು ದಾರ ಕಟ್ಟಿ ಬಾಗಿಲಿಗೆ ನೇತುಹಾಕಿದರು, ಬಿಸಿಲಿಗೆ ಹೊಳೆದರೆ ಪಾರಿವಾಳ ಬರುವುದಿಲ್ಲವಂತೆ. ಆಮೇಲೆ ಅವನಿಗೇ ಫೋನ್ ಮಾಡಿ, "ಇನ್ನೊಂದ್ ಇದ್ರೆ ಕೊಡಿ, ಹಿಂದಿನ ಕಿಟಕಿಗೂ ಬೇಕು," ಎಂದರು.

ಸಿ.ಡಿ.ಯನ್ನು ಸೈಬರ್ ಸೆಂಟರಿನ ಕಂಪ್ಯೂಟರಿಗೆ ಹಾಕಿ ನೋಡಿದ ಒಬ್ಬನೇ ಒಬ್ಬ ಲಕ್ಷ್ಮೀಕಾಂತ. ಅದೂ ಸಿನಿಮಾ ಇರಬಹುದು ಎಂದು. ಹಾಗೆ ಅವನು ಶಿಷ್ಯನಾದ.

2004ರಲ್ಲಿ ಅಫ್ರೋಜನಿಗೆ ತುಮಕೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿತು. ತಿಂಗಳ ಸಂಬಳ, ಸಂಜೆ ಐದಕ್ಕೆ ಮನೆ. ಅರ್ಜೂ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆಯನ್ನೂ ನೋಡಿಬಿಟ್ಟಳು. ಲಕ್ಷ್ಮೀಕಾಂತನ ಎದುರಿಗೇ ಗಂಡನಿಗೆ ಕನ್ನಡದಲ್ಲಿ ಹೇಳಿದಳು, ಸಾಕ್ಷಿಗೆ ಒಬ್ಬ ಇರಲಿ ಎಂದಿರಬೇಕು.

"ನಾನು ಮದ್ವೆ ಆಗಿದ್ದು ನಿಮ್ಮನ್ನ, ಹತ್ತು ಚಕ್ರದ ಲಾರೀನಲ್ಲ. ಆ ಮನೆಗೆ ವೇ ಬ್ರಿಡ್ಜ್ ಫೋನ್ ಬಂತೋ, ನಾನು ಕುಣಿಗಲ್ ಬಸ್ ಹತ್ತುತೀನಿ. ಕರ್ಕೊಂಡ್ಹೋಗಕ್ಕೆ ಬರ್ಬೇಡಿ."

"ಬರಲ್ಲ," ಎಂದ ಅಫ್ರೋಜ್.

"ಏನು ಬರಲ್ಲ? ಫೋನಾ, ನೀವಾ?"

"ಫೋನು," ಎಂದು ತಲೆ ಕೆರೆದುಕೊಂಡ.

ಭಾನುವಾರ ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ಹಿಂದೆ ಕೂತ ಲಕ್ಷ್ಮೀಕಾಂತನ ತೊಡೆಯ ಮೇಲೆ ಚಿಪ್ ಸುಡುವ ಪೆಟ್ಟಿಗೆ. ಒಂದೊಂದು ವೇ ಬ್ರಿಡ್ಜ್‌ನಲ್ಲೂ ತಗಡು ಬಿಚ್ಚಿ, ಚಿಪ್ಪು ಕಿತ್ತು, ಸಾಲು ಬದಲಿಸಿದರು: ತೊಂದರೆಯಾದರೆ ಲಕ್ಷ್ಮೀಕಾಂತ. ಅದಕ್ಕೆಂದೇ ಅವನು ಕಂತಿನಲ್ಲಿ ಮೊಬೈಲ್ ತೆಗೆದುಕೊಂಡಿದ್ದ. ಹೆಸರಿನ ಕೊನೆಗೆ ಬಿ.ಕಾಂ. ಎಂದು ಹಾಕಬಹುದೇ ಎಂದೂ ಕೇಳಿದ.

"ಜಾಗ ಇಲ್ಲ ಕಣೋ," ಎಂದ ಅಫ್ರೋಜ್.

"ಇಂಗ್ಲಿಷಲ್ಲಿ ನಾಕೇ ಅಕ್ಷರ ಭಾಯ್."

"ನಾಕಕ್ಕೂ ಜಾಗ ಇಲ್ಲ."

ಮೊದಮೊದಲು ಫೋನ್ ಬಂದರೆ ಲಕ್ಷ್ಮೀಕಾಂತನಿಗೆ ಬೆವರು. ಕಾಲೇಜಿನ ಹತ್ತಿರ ಹೋಗಿ ಕಾಂಪೌಂಡ್ ಆಚೆಯಿಂದ ಅಫ್ರೋಜನನ್ನು ಕರೆದು ಕೇಳಿಕೊಂಡು ಓಡುತ್ತಿದ್ದ. ನಿಧಾನವಾಗಿ ತಾನೇ ಬಿಡಿಸುವಂತಾದ. ಗುಬ್ಬಿಯಲ್ಲಿ ಪರದೆಯೇ ಬರದೆ ನಿಂತಿದ್ದ ಬೋರ್ಡನ್ನು ಯಾರನ್ನೂ ಕೇಳದೆ ಎಬ್ಬಿಸಿದ ದಿನ ಅಫ್ರೋಜನಿಗೆ ಹೇಳೋಣ ಎಂದು ಉಪ್ಪಾರಹಳ್ಳಿಗೆ ಹೋದ. ಅಫ್ರೋಜ್ ಎಲ್ಲ ಕೇಳಿ, "ಹೌದಾ," ಎಂದ. "ಫ್ಯೂಸ್ ನೋಡಿದ್ಯಾ?" "ನೋಡ್ದೆ." "ಮೆಮೊರಿ ಕಿತ್ತು ಒರೆಸಿದ್ಯಾ?" "ಅದೇ ಆಗಿತ್ತು ಭಾಯ್." ಅಫ್ರೋಜ್ ಚಹಾದ ಲೋಟದ ತಳ ನೋಡುತ್ತಾ ಕೂತಿದ್ದ. ಗುರುವಿಗೆ ಹೆಮ್ಮೆಯಾಗಿದೆ ಎಂದುಕೊಂಡ ಲಕ್ಷ್ಮೀಕಾಂತ. ಅಫ್ರೋಜ್ ಒಂದು ಕಂಪನಿ ಎಂದು ತಿಳಿದಿದ್ದ ತಲೆಯೇ ಅಲ್ಲವೆ ಅದು.

ಆಮೇಲೆ ಫೋನ್ ಬರುವುದು ಕಮ್ಮಿಯಾಗುತ್ತ ಬಂತು. ತನ್ನ ಕೈಗುಣ ಎಂದು ರಾಮಾಂಜಿನಯ್ಯನ ಮುಂದೆ ಹೇಳಿಕೊಂಡ. "ಇರ್ಬೋದು ಕಣ್ಲಾ, ಒಂದೊಂದ್ಸಲ ದೇವ್ರೂ ಮೈಮರೀತಾನೆ," ಎಂದ ಯಜಮಾನ. ಕೊನೆಗೆ ಫೋನ್ ಬರುವುದೇ ನಿಂತುಹೋಯಿತು.

ಸೋದರತ್ತೆಯ ಮನೆಯ ಮದುವೆಗೆಂದು ಅಮೃತೂರಿಗೆ ಹೋದವನು, ತನ್ನ ಹೆಸರು ಒಂದು ಸಲ ನೋಡಿಕೊಂಡು ಬರೋಣ ಎಂದು ಅಲ್ಲಿಯ ವೇ ಬ್ರಿಡ್ಜ್‌ಗೆ ಹೋದ. ಆಫ್ ಮಾಡಿ ಆನ್ ಮಾಡಿಸಿದ. ಸಾಲುಗಳು ಓಡಿ ನಿಂತವು. ತೊಂದರೆಯಾದರೆ ಅಫ್ರೋಜ್. ಪಕ್ಕದಲ್ಲಿ ಹೊಸದೊಂದು ಮೊಬೈಲ್ ನಂಬರು.

"ಅವ್ರು ಬಂದು ಹಾಕ್ಕೊಟ್ಟೋದ್ರಲ್ಲ," ಎಂದರು ಅಲ್ಲಿಯವರು. "ಎಲ್ಲಾ ಕಡೇನೂ ಹಾಕವ್ರಂತೆ. ಪಾಪ, ಕಾಲೇಜಿಗೆ ರಜಾ ಹಾಕಿ ಓಡಾಡ್ತವ್ರೆ."

ಲಕ್ಷ್ಮೀಕಾಂತ ಮದುವೆ ಊಟಕ್ಕೂ ನಿಲ್ಲದೆ ಬಸ್ ಹತ್ತಿದ. ಉಪ್ಪಾರಹಳ್ಳಿಯ ಮನೆಯ ಬಾಗಿಲಲ್ಲಿ ಕಟ್ಟಿದ ಬ್ಯಾಗ್ ಇತ್ತು. ಒಳಗೆ ಅರ್ಜೂ ಬುರ್ಖಾ ಹಾಕಿಕೊಂಡು ತಯಾರಾಗಿ ಕೂತಿದ್ದಳು. ಟೇಬಲಿನ ಮೇಲೆ ರಜೆ ಜಾಸ್ತಿಯಾಯಿತೆಂದು ಪ್ರಿನ್ಸಿಪಾಲರು ಕೊಟ್ಟ ನೋಟಿಸು.

"ಬನ್ನಿ ಲಕ್ಷ್ಮೀಕಾಂತ್," ಎಂದಳು. "ಇವ್ರು ಎಕ್ಸಾಮ್ ಡ್ಯೂಟಿ ಅಂತ ಹೇಳಿ ಹೋಗೋರು. ಫೋನ್ ಬಂದ್ರೆ ಮಹಡಿ ಮೇಲೆ ಹೋಗಿ ಪಿಸುಪಿಸು. ಬೇರೆ ಹೆಂಗಸು ಅಂದ್ಕೊಂಡೆ. ಹಾಗಿದ್ರೆ ಜಗಳನಾದ್ರೂ ಆಡ್ಬೋದಿತ್ತು. ಈ ತೂಕದ ಲಾರಿ ಜೊತೆ ಏನಂತ ಆಡ್ಲಿ?"

ಅಫ್ರೋಜ್ ಕಿಟಕಿಯ ಹತ್ತಿರ ನಿಂತಿದ್ದ, ಕೈಯಲ್ಲಿ ಮೊಬೈಲು. ಅದು ಹೊಡೆದುಕೊಳ್ಳುತ್ತಿತ್ತು. ಅವನು ಅದನ್ನು ಎತ್ತಲೂ ಇಲ್ಲ, ಆರಿಸಲೂ ಇಲ್ಲ. ತಾನಾಗಿ ನಿಲ್ಲುವ ತನಕ ಮೂವರೂ ಕಾದರು.

ಲಕ್ಷ್ಮೀಕಾಂತ ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ ಗಟ್ಟಿ ಮಾತುಗಳೆಲ್ಲ ಅಫ್ರೋಜನ ಮುಖ ನೋಡಿ ಹೋದವು. ಉಳಿದಿದ್ದು ಒಂದೇ ಪ್ರಶ್ನೆ, ಅದೂ ಪೆಚ್ಚುಪೆಚ್ಚಾಗಿ ಬಂತು.

"ಭಾಯ್, ನಾನು ಸರಿಯಾಗಿ ಮಾಡ್ತಿರ್ಲಿಲ್ವಾ?"

"ಮಾಡ್ತಿದ್ದೆ," ಎಂದ ಅಫ್ರೋಜ್. "ಅದಕ್ಕೇ."