‘ಬಂದೆ’ ಅನ್ನಬಾರದ ಸ್ಕ್ವಾಡ್

ಐರಿಷ್ ಊರಾದ ಟಾಲಾದ ಆ ಬಾಡಿಗೆ ಮನೆಯಲ್ಲಿ ಕೂತು ಕೆಲಸ ಮಾಡಲು ಬಾಗಿಲಿದ್ದ ಜಾಗ ಒಂದೇ, ಮಹಡಿಯ ಮೇಲಿನ ಪುಟ್ಟ ಕೋಣೆ. 2020ರ ಮಾರ್ಚಿನಲ್ಲಿ ಊರಿಗೆ ಊರೇ ಮನೆಯೊಳಗೆ ಸೇರಿಕೊಂಡ ವಾರ ಅದು ಗುರುದತ್ತನದಾಯಿತು. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಲೆಪರ್ಡ್ಸ್‌ಟೌನಿನ ಕಂಪನಿಯಿಂದ ಅವನ ಮಾನಿಟರು ಬಂತು, ಕುರ್ಚಿ ಬಂತು, ಎರಡೂ ಮೆಟ್ಟಿಲು ಹತ್ತಿಹೋದವು, ಬಾಗಿಲು ಮುಚ್ಚಿತು.

ಅವನ ಹೆಂಡತಿ ವಸುಂಧರಾಗೂ ಕೆಲಸವಿತ್ತು. ವಿಮಾ ಕಂಪನಿಯೊಂದರ ಗ್ರಾಹಕರ ಫೋನು ತೆಗೆದುಕೊಂಡು ಅವರ ಕೋಪ ತಾಪ ಕೇಳುವ ಕೆಲಸ. ಅವಳ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ ಉಳಿಯಿತು. ಅದರ ಎಡಕ್ಕೆ ಉಪ್ಪಿನಕಾಯಿ ಬಾಟಲಿ, ಬಲಕ್ಕೆ ಒಂಬತ್ತು ವರ್ಷದ ಮಗಳು ಮಾನ್ಯಾ ಮತ್ತು ಅವಳ ಆನ್‌ಲೈನ್ ಶಾಲೆ, ಬೆನ್ನ ಹಿಂದೆ ಒಲೆ. ಛಾವಣಿ ಸೋರುತ್ತಿದೆ ಎಂದು ಗಾಲ್ವೇಯಿಂದ ಅಳುವ ಮುದುಕಿಗೆ ಸಮಾಧಾನ ಹೇಳುತ್ತಲೇ ಅವಳು ಎಡಗೈಯಲ್ಲಿ ಅನ್ನ ನೋಡುತ್ತಿದ್ದಳು, ಬಲಗೈಯಲ್ಲಿ ಮಗಳ ಭಾಗಾಕಾರ ತಿದ್ದುತ್ತಿದ್ದಳು. ಮೈಸೂರಿನಲ್ಲಿದ್ದಾಗ ಅವಳು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬು ನಡೆಸುತ್ತಿದ್ದವಳು. ನಲವತ್ತು ಮಕ್ಕಳ ಕೈಗೆ ಆಸಿಡ್ ಬಾಟಲಿ ಕೊಟ್ಟು, ಆರು ವರ್ಷದಲ್ಲಿ ಒಂದು ಬೆರಳೂ ಸುಡದಂತೆ ನೋಡಿಕೊಂಡಿದ್ದಳು. ಅದನ್ನು ಈ ದೇಶದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಗುರುದತ್ತನನ್ನು ಊಟಕ್ಕೆ ಕರೆದರೆ ಮೇಲಿನಿಂದ “ಬಂದೆ” ಎಂದು ಕೇಳಿಸುತ್ತಿತ್ತು. ಪಾತ್ರೆ ತೊಳೆಯುವ ಯಂತ್ರ ಖಾಲಿ ಮಾಡು ಎಂದರೂ “ಬಂದೆ”. ಇನ್ನೂ ಕುರ್ಚಿಯಿಂದ ಎದ್ದೇ ಇಲ್ಲದ ಮನುಷ್ಯ ಬಂದು ಮುಟ್ಟಿಯೇ ಆಯಿತು ಎಂಬಂತೆ ಮಾತಾಡುವ ಸೌಲಭ್ಯವನ್ನು ನಮ್ಮ ಭಾಷೆ ಕೊಟ್ಟಿದೆ, ನಮ್ಮ ಗಂಡಸರು ಅದನ್ನು ಹೊಟ್ಟೆ ತುಂಬ ಬಳಸಿಕೊಂಡಿದ್ದಾರೆ. ಆ ಪದಕ್ಕೂ ಮನುಷ್ಯನಿಗೂ ನಡುವೆ ಕೆಲವೊಮ್ಮೆ ನಲವತ್ತು ನಿಮಿಷ ಇರುತ್ತಿತ್ತು. ಅಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. “ಅಯ್ಯೋ, ಬರ್ತಾ ಇದ್ನಲ್ಲ” ಎನ್ನುತ್ತಿದ್ದ.

ಆಟ ಶುರುವಾದದ್ದು ಮೊದಲ ಲಾಕ್‌ಡೌನಿನಲ್ಲಿ. ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟ, ಆದರೆ ಸಿಕ್ಕಸಿಕ್ಕಲ್ಲಿ ಗುಂಡು ಹಾರಿಸಿ ಓಡುವಂಥದ್ದಲ್ಲ. ನಕ್ಷೆ ಹಿಡಿದು ಮೈಲಿಗಟ್ಟಲೆ ನಡೆಯಬೇಕು, ಒಂದು ಗುಂಡು ತಗುಲಿದರೆ ನೆಲಕ್ಕೆ. ಒಂಬತ್ತು ಜನರ ಒಂದು ಸ್ಕ್ವಾಡ್, ಅದಕ್ಕೊಬ್ಬ ನಾಯಕ, ಎಲ್ಲರ ಕಿವಿಗೂ ರೇಡಿಯೊ. ಗುರುದತ್ತ ನಾಯಕನಾಗಿದ್ದ ಸ್ಕ್ವಾಡಿನಲ್ಲಿ ಎಲ್ಲರೂ ಕನ್ನಡದವರು. ಲೀಕ್ಸ್‌ಲಿಪ್ಪಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಅನಿಲ್, ಆಸ್ಪತ್ರೆಯಲ್ಲಿ ಹನ್ನೆರಡು ಗಂಟೆ ಪ್ಲಾಸ್ಟಿಕ್ ಗೌನಿನಲ್ಲಿ ಬೆಂದು ಬಂದು ಆಟದಲ್ಲೂ ವೈದ್ಯನೇ ಆಗುತ್ತಿದ್ದ ದಾವಣಗೆರೆಯ ಡಾಕ್ಟರ್ ಶಿವರುದ್ರಪ್ಪ, ಇನ್ನೂ ಆರು ಜನ. ಐದು ಕಿಲೋಮೀಟರಿನಾಚೆ ಹೋಗಬಾರದೆಂದು ಸರಕಾರ ಹೇಳಿದ್ದಾಗ ಇವರು ಭಾನುವಾರ ಮಧ್ಯಾಹ್ನ ಮಂಜಿನ ಬೆಟ್ಟಗಳನ್ನು ದಾಟುತ್ತಿದ್ದರು.

ಬಟ್ಟೆ ಮಡಚಿಕೊಂಡು ಬಾಗಿಲ ಮುಂದೆ ಹಾದುಹೋಗುವಾಗ ವಸುಂಧರಾಗೆ ಒಳಗಿನ ಮಾತು ಕೇಳಿಸುತ್ತಿತ್ತು. ಯಾರಿಗೆ ಏನು ಬೇಕು, ಯಾರ ಹತ್ತಿರ ಎಷ್ಟು ಗುಂಡು ಉಳಿದಿದೆ, ಥ್ಯಾಂಕ್ಸ್ ಕಣೋ ಅನಿಲ್, ಸುಸ್ತಾಗಿದ್ರೆ ಕೂತ್ಕೋ ಡಾಕ್ಟ್ರೇ. ಈ ಗಂಡಸಿಗೆ ಇದೆಲ್ಲ ಬರುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಅವಳಿಗೆ ಗೊತ್ತೇ ಇರಲಿಲ್ಲ. ಬರುವುದಿಲ್ಲ ಎಂದುಕೊಂಡು ಕ್ಷಮಿಸುತ್ತ ಬಂದಿದ್ದಳು. ಒಂದು ದಿನ ಕಾಲುಚೀಲಗಳ ಜೋಡಿ ಹುಡುಕುತ್ತ ನಿಂತವಳು, ಅವನವನ್ನು ಜೋಡಿ ಮಾಡದೆ ಬಾಗಿಲ ಮುಂದೆಯೇ ಬಿಟ್ಟು ಹೋದಳು.

ಡಿಸೆಂಬರಿನಲ್ಲಿ ಒಂದು ಭಾನುವಾರ ಒಬ್ಬ ಆಟಗಾರ ಕಡಿಮೆ ಬಿದ್ದ. ಗುರುದತ್ ಹಳೇ ಲ್ಯಾಪ್‌ಟಾಪು ಕೊಟ್ಟು ವಸುಂಧರಾಳನ್ನು ಊಟದ ಮೇಜಿಗೇ ಕೂರಿಸಿದ. ಏನೂ ಕಷ್ಟವಿಲ್ಲ, ನೀವು ಸರಬರಾಜಿನ ಲಾರಿ ಓಡಿಸಿ ಸಾಕು ಎಂದ ಅನಿಲ್. ಗುಂಡು, ಬ್ಯಾಂಡೇಜು, ಮರಳಿನ ಮೂಟೆ ಹೊತ್ತು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. ಯಾವ ಗಂಡಸೂ ಒಪ್ಪದ ಕೆಲಸ. ಹೊಸಬಳೆಂದು ಕೊಟ್ಟರೋ ಹೆಂಗಸೆಂದು ಕೊಟ್ಟರೋ, ಲಾರಿಯಲ್ಲಿ ಕೂತವಳಿಗೆ ಇಡೀ ಯುದ್ಧ ಕಾಣಿಸಿತು. ಯಾರು ಗುಂಡನ್ನು ನೀರಿನಂತೆ ಚೆಲ್ಲುತ್ತಾರೆ, ಯಾರು ಕೇಳಲು ನಾಚಿ ಬರಿಗೈಯಲ್ಲಿ ಕೂರುತ್ತಾರೆ, ಎಲ್ಲ ಮೂರು ವಾರದಲ್ಲಿ ತಿಳಿಯಿತು. ಸತ್ತವರು ಮತ್ತೆ ಬಂದಿಳಿಯುವ ಜಾಗವನ್ನು ನಾಯಕ ಮೊದಲೇ ಗುರುತು ಹಾಕಿಡಬೇಕು. ಗುರುದತ್ತನಿಗೆ ಅದು ನೆನಪಾಗುತ್ತಿದ್ದದ್ದು ಎಲ್ಲರೂ ಸತ್ತ ಮೇಲೆ ಎಂಬುದೂ ತಿಳಿಯಿತು.

ನಾಲ್ಕನೇ ವಾರ ಆ ಪೆಟ್ಟು ಬಿತ್ತು. ಒಂದು ಗಿರಣಿಯನ್ನು ಹಿಡಿಯಬೇಕಿತ್ತು. ಡಾಕ್ಟ್ರೇ ಬನ್ನಿ ಎಂದ ಗುರುದತ್. “ಬಂದೆ” ಎಂದ ಶಿವರುದ್ರಪ್ಪ. ವೈದ್ಯ ಬೆನ್ನಿಗಿದ್ದಾನೆಂದು ನಂಬಿ ಗುರುದತ್ ಎಲ್ಲರನ್ನೂ ನುಗ್ಗಿಸಿದ. ಶಿವರುದ್ರಪ್ಪ ಇನ್ನೂ ಮುನ್ನೂರು ಮೀಟರ್ ಹಿಂದೆ ಬೇಲಿ ದಾಟುತ್ತಿದ್ದ. ಏಳು ಜನ ಎತ್ತುವವರಿಲ್ಲದೆ ಗಿರಣಿಯ ಅಂಗಳದಲ್ಲಿ ಬಿದ್ದರು. ಬಂದೆ ಅಂದ್ರಲ್ರೀ ಎಂದು ಇವನು, ಬರ್ತಿದ್ದೀನಿ ಅಂತ ಅರ್ಥ ಅಲ್ವೇನ್ರೀ ಎಂದು ಅವನು. ಇಬ್ಬರೂ ಹತ್ತು ನಿಮಿಷ ವ್ಯಾಕರಣ ಚರ್ಚಿಸಿದರು. ವಸುಂಧರಾ ಲಾರಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ರೇಡಿಯೊದಲ್ಲಿ ಹೇಳಿದಳು.

“ಆ ಪದಾನೇ ಬಿಟ್ಬಿಡಿ. ಏನ್ ಮಾಡ್ತೀನಿ ಅಂತ ಹೇಳ್ಬೇಡಿ, ಎಲ್ಲಿದ್ದೀನಿ ಅಂತ ಹೇಳಿ.”

ಮುಂದಿನ ವಾರ ಶಿವರುದ್ರಪ್ಪನೇ, ಮೇಡಂ ಒಂದ್ಸಲ ಲೀಡ್ ಮಾಡ್ಲಿ ಎಂದ. ಅವಳು ಮಾಡಿದಳು, ಗೆದ್ದರು. ಅದರ ಮುಂದಿನ ವಾರವೂ ಗೆದ್ದರು. ಅವಳು ತಾನು ಗುಂಡು ಹಾರಿಸುತ್ತಿರಲಿಲ್ಲ. ನಾಯಕಿ ಗುರಿ ನೋಡುತ್ತ ಕೂತರೆ ಒಂಬತ್ತು ಜನರನ್ನು ಯಾರು ನೋಡುವುದು. ಅಪ್ಪಣೆ ಚಿಕ್ಕದು: ಯಾರು, ಎಲ್ಲಿಗೆ, ಯಾವಾಗ. ಗುಂಡು ಮುಗಿಯುವ ಮೊದಲೇ ಲಾರಿ ಬರುತ್ತಿತ್ತು. ಸತ್ತವರು ಇಳಿಯುವ ಜಾಗ ಮೊದಲೇ ಗುರುತಾಗಿರುತ್ತಿತ್ತು. ಪ್ರತಿ ಆಟದ ಕೊನೆಗೆ ಹತ್ತು ನಿಮಿಷ ಎಲ್ಲರೂ ಉಳಿಯಬೇಕು, ಎಡವಟ್ಟಾದ ಹೊತ್ತಿಗೆ ತಾನು ಎಲ್ಲಿದ್ದೆ ಎಂದು ಒಬ್ಬೊಬ್ಬರೂ ಹೇಳಬೇಕು, ನಾಯಕಿಯೇ ಮೊದಲು. ನೆಪ ಬೇಡ, ಜಾಗ ಸಾಕು. ಜೊತೆಗೆ ಆಡುತ್ತಿದ್ದ ಐರಿಷ್ ಹುಡುಗರ ಸ್ಕ್ವಾಡುಗಳೂ ಅವಳ ದನಿ ಕೇಳಿದರೆ ಗದ್ದಲ ನಿಲ್ಲಿಸತೊಡಗಿದವು. ಮನೆಯಲ್ಲಿ ಮೂರು ಸಲ ಕೂಗಿದರೂ ಒಬ್ಬರೂ ತಿರುಗಿ ನೋಡದ ದನಿ ಅದು.

ಮನೇಲೂ ಕಮಾಂಡರ್, ಇಲ್ಲೂ ಕಮಾಂಡರ್ ಎಂದು ಗುರುದತ್ ಗೆಳೆಯರನ್ನು ನಗಿಸಿದ. ಅವಳು ಆಗ ಟಾಯ್ಲೆಟ್ ತೊಳೆಯುವ ಬ್ರಷ್ಷು ಹಿಡಿದು ನಿಂತಿದ್ದಳು. ಯಾವ ಸೇನೆಯ ಕಮಾಂಡರು ಈ ಆಯುಧ ಹಿಡಿಯುತ್ತಾನೆ ಎಂದು ಕೇಳಬೇಕೆನಿಸಿತು. ಮೊದಲು ಕಮೋಡು ಉಜ್ಜಿ ಮುಗಿಸಿದಳು.

ಫೆಬ್ರವರಿಯ ಕೊನೆಯ ಭಾನುವಾರ ಸಂಜೆ ಐದಕ್ಕೆ ಕಾರ್ಕ್ ಊರಿನ ತಂಡದ ಮೇಲೆ ಆ ಚಳಿಗಾಲದ ಪಂದ್ಯಾವಳಿಯ ಕೊನೆಯ ಪಂದ್ಯ ಎಂದು ನಿಗದಿಯಾಯಿತು. ಅವಳ ಹಳೇ ಲ್ಯಾಪ್‌ಟಾಪು ತಡವರಿಸುತ್ತಿತ್ತು, ಮೇಜಿನ ಮೇಲೆ ಗಲಾಟೆ. ಒಂದೂವರೆ ಗಂಟೆ ತನಗೆ ಆ ಕೋಣೆ ಬೇಕು, ಬಾಗಿಲು ಮುಚ್ಚಿರಬೇಕು ಎಂದಳು ವಸುಂಧರಾ. ಮದುವೆಯಾದ ಮೇಲೆ ಅವಳು ತನಗಾಗಿ ಕೇಳಿದ ಮೊದಲ ಬಾಗಿಲು ಅದು. ಗುರುದತ್ ದೊಡ್ಡ ಮನಸ್ಸು ಮಾಡಿದ. ತಾನು ಆ ದಿನ ಆಡುವುದಿಲ್ಲ, ಬದಲಿಗೆ ಬೇರೆಯವರು ಬರಲಿ, ಮಾನ್ಯಾ ಮತ್ತು ರಾತ್ರಿಯ ಅಡುಗೆ ತನ್ನದು ಎಂದ. ಸ್ಕ್ವಾಡಿನ ಗ್ರೂಪಿನಲ್ಲೂ ಹಾಗೆಂದು ಬರೆದ. ಮೆಚ್ಚುಗೆಯ ಎಂಟು ಹೆಬ್ಬೆರಳುಗಳು ಬಿದ್ದವು. ಅವಳು ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಬೇಯಿಸುತ್ತಿದ್ದದ್ದಕ್ಕೆ ಯಾರೂ ಹೆಬ್ಬೆರಳು ಎತ್ತಿರಲಿಲ್ಲ.

ಐದಕ್ಕೆ ಬಾಗಿಲು ಮುಚ್ಚಿದಳು. ಐದೂ ಹತ್ತಕ್ಕೆ ಮಾನ್ಯಾ ತಟ್ಟಿದಳು, ಬೇಳೆ ಎಲ್ಲಿದೆ ಅಂತ ಡ್ಯಾಡ್ ಕೇಳ್ತಿದ್ದಾರೆ ಎಂದು. ಐದೂ ಕಾಲಿಗೆ ಜೀರಿಗೆ. ಐದೂ ಇಪ್ಪತ್ತೈದಕ್ಕೆ ಅವನೇ ಬಾಗಿಲು ತೆರೆದು, ಎಣ್ಣೆ ಎಷ್ಟು ಹಾಕ್ಲಿ ಎಂದ. ಮೂರು ವರ್ಷದಿಂದ ಅವೇ ಡಬ್ಬಿಗಳು ಅದೇ ಶೆಲ್ಫಿನಲ್ಲಿದ್ದವು. ಕಾಣದ ಊರಿನ ನಕ್ಷೆಯಲ್ಲಿ ಶತ್ರುವಿನ ಬಂಕರು ಹುಡುಕುವ ಕಣ್ಣಿಗೆ ಜೀರಿಗೆ ಡಬ್ಬಿ ಕಾಣುವುದಿಲ್ಲ.

ಐದೂ ಮೂವತ್ತೆಂಟು. ಸೇತುವೆಯೊಂದು ಅವಳ ಸ್ಕ್ವಾಡಿನ ಕೈಯಲ್ಲಿತ್ತು. ಇನ್ನು ಹನ್ನೆರಡು ನಿಮಿಷ ಅಲುಗಾಡದೆ ಕಾದರೆ ಪಂದ್ಯ ಅವರದು. ಯಾರೂ ಸೇತುವೆ ದಾಟಬೇಡಿ ಎಂದು ಅವಳು ಹೇಳಿದ್ದಳು. ಆಗ ಕೆಳಗೆ ಹೊಗೆಯ ಅಲಾರಂ ಕಿರುಚಿತು. ಇಲ್ಲಿನ ಮಕ್ಕಳಂತೆ “ಮ್ಯಾಮ್” ಎಂದು ಮಾನ್ಯಾ ಅಮ್ಮನನ್ನು ಕೂಗಿದಳು.

ಹೆಡ್‌ಫೋನು ಒಂದು ಕಿವಿಯಿಂದ ಸರಿಸಿ ವಸುಂಧರಾ ಗಂಡನನ್ನು ಕೂಗಿದಳು.

“ಬಂದೆ” ಎಂದು ಕೇಳಿಸಿತು.

ಆ ಪದವನ್ನು ಒಂಬತ್ತು ಗಂಡಸರ ಬಾಯಿಂದ ಕಿತ್ತುಹಾಕಿದ್ದವಳು, ಹುಟ್ಟಿದಾಗಿನಿಂದ ಕೇಳಿದ ಅಭ್ಯಾಸಕ್ಕೆ, ಅದನ್ನು ನಂಬಿದಳು. ಅವನು ಒಲೆಯ ಹತ್ತಿರ ಇದ್ದಾನೆ ಎಂದುಕೊಂಡಳು. ಅರ್ಧ ನಿಮಿಷ ಹೋಯಿತು. ಮಾನ್ಯಾ ಚೀರಿದ ದನಿ ಬೇರೆಯಾಗಿತ್ತು.

ವಸುಂಧರಾ ಮೆಟ್ಟಿಲನ್ನು ಹಾರಿ ಇಳಿದಳು. ಒಗ್ಗರಣೆಯ ಬಾಣಲೆ ಕಪ್ಪು ಹೊಗೆ ಕಾರುತ್ತಿತ್ತು. ಮಗು ತಾನೇ ಅದನ್ನು ಎತ್ತಲು ಹೋಗಿ ಹೆಬ್ಬೆರಳು ಸುಟ್ಟುಕೊಂಡಿತ್ತು. ಗ್ಯಾಸ್ ಆರಿಸಿ, ಮಗಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಆಗ ಹಿತ್ತಲ ಬಾಗಿಲು ತೆರೆಯಿತು. ಗುರುದತ್ ಕಿವಿಗೆ ಫೋನು ಹಿಡಿದೇ ಒಳಗೆ ಬಂದ, ಹೊಗೆ ನೋಡಿದ, ನೀರಿನ ಕೆಳಗಿದ್ದ ಕೈ ನೋಡಿದ. ಅವಳು ಎದ್ದ ರಭಸಕ್ಕೆ ಹೆಡ್‌ಫೋನಿನ ವೈರು ಕಿತ್ತುಬಂದಿದ್ದರಿಂದ ಮೇಲಿನ ಸ್ಪೀಕರಿನಿಂದ ಗಂಡಸರು ಮೇಡಂ ಮೇಡಂ ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. “ಅದನ್ನ ನಾನ್ ನೋಡ್ಕೋತೀನಿ” ಎಂದು ಹೇಳಿ ಅಡುಗೆಮನೆ ದಾಟಿ ಮೆಟ್ಟಿಲು ಹತ್ತಿದ.

ನೋಡಿಕೊಂಡದ್ದು ಆರು ನಿಮಿಷ. ಕುರ್ಚಿಯಲ್ಲಿ ಕೂತವನೇ ನುಗ್ಗಿ ಎಂದ. ಸೇತುವೆಯ ಮೇಲೆ ಎಲ್ಲರೂ ಸತ್ತರು. ಪಂದ್ಯ ಕಾರ್ಕಿನವರದಾಯಿತು.

ವಸುಂಧರಾ ಅವಸರ ಮಾಡಲಿಲ್ಲ. ಇಪ್ಪತ್ತು ನಿಮಿಷ ಮಗಳ ಕೈ ತಣ್ಣೀರಿನಲ್ಲೇ ಇತ್ತು. ಐ ಆ್ಯಮ್ ಗ್ರ್ಯಾಂಡ್, ಮ್ಯಾಮ್, ನಂಗೇನೂ ಆಗಿಲ್ಲ ಎಂದಿತು ಮಗು, ಅಪ್ಪನನ್ನು ಉಳಿಸುವ ದನಿಯಲ್ಲಿ. ಒಂಬತ್ತು ವರ್ಷಕ್ಕೇ ಇದನ್ನೂ ಕಲಿತುಬಿಟ್ಟಿತಲ್ಲ ಎಂದುಕೊಂಡಳು ತಾಯಿ. ಬೊಬ್ಬೆಗೆ ಬಟ್ಟೆ ಸುತ್ತಿ, ಟಿವಿ ಹಾಕಿಕೊಟ್ಟು ಮೇಲೆ ಬಂದಳು. ನಿಯಮದ ಪ್ರಕಾರ ಸ್ಕ್ವಾಡು ಕಾಯುತ್ತಿತ್ತು. ನೀನು ಎದ್ದು ಹೋಗಿದ್ದಕ್ಕೇ ಸೋತ್ವಿ ನೋಡು ಎಂದ ಗುರುದತ್. ಅವಳು ಅವನನ್ನು ಕುರ್ಚಿಯಿಂದ ಏಳಿಸಿ, ಮೈಕು ಹತ್ತಿರ ಎಳೆದುಕೊಂಡಳು.

“ಐದೂ ಮೂವತ್ತೆಂಟಕ್ಕೆ ನಾನು ಈ ಕೋಣೇಲಿದ್ದೆ,” ಎಂದಳು. “ಅಲಾರಂ ಕೇಳಿಸ್ತು, ಕೂಗ್ದೆ. ಬಂದೆ ಅಂತ ಉತ್ತರ ಬಂತು. ಅವನು ಒಲೆ ಹತ್ರ ಇದಾನೆ ಅನ್ಕೊಂಡೆ. ನನ್ ತಪ್ಪು. ಗುರು, ಈಗ ನೀನು. ಎಲ್ಲಿದ್ದೆ?”

“ವಸು, ಇದನ್ನೆಲ್ಲ ಆಮೇಲೆ ಮಾತಾಡೋಣ.”

“ಎಲ್ಲಿದ್ದೆ?”

“ಬರ್ತಾನೇ ಇದ್ದೆ.”

“ಅದನ್ನ ಕೇಳ್ಲಿಲ್ಲ.”

ಅವಳು ಮೈಕನ್ನು ಅವನ ಕಡೆ ತಿರುಗಿಸಿದಳು.

“ಹಿತ್ತಲಲ್ಲಿ,” ಎಂದ ಗುರುದತ್. “ಫೋನಲ್ಲಿ.”

“ಆಮೇಲೆ ಅಡುಗೆಮನೆಗೆ ಬಂದೆ. ಮಗು ಕೈ ನೋಡಿದ್ಯಾ?”

“ನೋಡ್ದೆ.”

“ನೋಡಿ?”

“ನೀನಿದ್ಯಲ್ಲ ಅಲ್ಲಿ.”

ಅಷ್ಟೇ. ಹನ್ನೊಂದು ವರ್ಷ ಅವಳಿಗೆ ಹೆಸರು ಸಿಗದೆ ಒದ್ದಾಡಿಸಿದ್ದನ್ನು ಅವನೇ ಎರಡು ಪದದಲ್ಲಿ ಹೇಳಿಬಿಟ್ಟಿದ್ದ. ಅವಳು ಇದ್ದಳು. ಆದ್ದರಿಂದ ಅವನು ಇರಬೇಕಾಗಿರಲಿಲ್ಲ. ಜಗಳವನ್ನು ಮನೆಯೊಳಗೇ ಮುಗಿಸಿಕೊಳ್ಳಿ ಎಂದು ಅನಿಲ್ ಮೆಲ್ಲಗೆ ಶುರುಮಾಡಿದ. ಶಿವರುದ್ರಪ್ಪ ಅವನನ್ನು ತಡೆದು, ಮಗುವಿನ ಬೆರಳಿಗೆ ಐಸ್ ಇಡಬೇಡಿ, ಬೊಬ್ಬೆ ಒಡೆಯಬೇಡಿ ಎಂದ. ಆಮೇಲೆ ಇನ್ನೊಂದು ಮಾತು ಹೇಳಿದ.

“ಮೇಡಂ, ನಂಗೆ ಎರಡು ಮಕ್ಳು. ಈಗ ಎಲ್ಲಿದಾರೆ ಅಂತ ನಂಗೆ ಗೊತ್ತಿಲ್ಲ.”

ಅವನ ಮೈಕು ಆರಿತು.

ನಾಯಕಿಗೆ ಒಂದು ಅಧಿಕಾರವಿತ್ತು, ಅದುವರೆಗೆ ಬಳಸಿರಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಗುರುದತ್ತನ ಹೆಸರಿನ ಮೇಲೆ ಒತ್ತಿ, ಅವನ ಎದುರಿಗೇ ಅವನನ್ನು ಸ್ಕ್ವಾಡಿನಿಂದ ತೆಗೆದಳು. ಆಟ ಕಣೇ ಅದು, ಅದಕ್ಕೆ ಇಷ್ಟೊಂದಾ ಎಂದ ಅವನು. ಆಟದಲ್ಲಿ ಸತ್ತರೆ ಮತ್ತೆ ಎದ್ದು ಬರಬಹುದು, ಮಗು ಹಾಗಲ್ಲ ಎಂದಷ್ಟೇ ಹೇಳಿದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಅವನ ಮಾನಿಟರನ್ನು ಹೊತ್ತು ಕೆಳಗಿಳಿಸಿ ಊಟದ ಮೇಜಿನ ಮೇಲೆ ಇಟ್ಟಳು. ಒಂಬತ್ತೂವರೆಗೆ ತನ್ನ ಮೀಟಿಂಗಿದೆ, ಇಲ್ಲಿ ಹೇಗೆ ಮಾಡಲಿ ಎಂದು ಗುರುದತ್ ಹಿಂದೆ ಹಿಂದೆ ಬಂದ. ಬಲಗಡೆ ಮಾನ್ಯಾಳ ಶಾಲೆ ಒಂಬತ್ತಕ್ಕೆ ಶುರುವಾಗುತ್ತದೆ, ಹತ್ತಕ್ಕೆ ಬೆರಳಿನ ಬಟ್ಟೆ ಬದಲಿಸಬೇಕು, ಅನ್ನಕ್ಕೆ ಹನ್ನೊಂದೂವರೆಗೆ ಇಡಬೇಕು ಎಂದು ಅವಳು ಜಾಗ ಮತ್ತು ಹೊತ್ತು ಎರಡನ್ನೂ ಹೇಳಿದಳು. ನಾಳೆಯಿಂದ ಹೇಳುವುದಿಲ್ಲ ಎಂದೂ ಹೇಳಿದಳು.

ಮೇಲೆ ಹೋಗಿ ಬಾಗಿಲು ಮುಚ್ಚಿದಳು. ಮೊದಲ ಫೋನು ಸ್ಲೈಗೋದಿಂದ ಬಂತು, ಬೇಲಿ ಬಿದ್ದುಹೋಗಿದೆ ಎನ್ನುವ ಒಬ್ಬ ರೈತ. ಅವನು ಹೇಳಿದ್ದು ಒಂದೊಂದು ಪದವೂ ಕೇಳಿಸಿತು. ಇಂಥ ನಿಶ್ಶಬ್ದದಲ್ಲಿ ಕೂತು ಒಬ್ಬ ಮನುಷ್ಯ ಒಂದು ವರ್ಷ ಕೆಲಸ ಮಾಡಿದ್ದಾನೆ, ಮಾಡಿ ಸುಸ್ತಾಯಿತು ಎಂದು ಕೆಳಗಿಳಿದು ಬಂದಿದ್ದಾನೆ. ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದಳು, ಆದದ್ದು ಮತ್ತಷ್ಟು ಸಿಟ್ಟು. ಆ ಸಿಟ್ಟಿನಲ್ಲೇ, ಬಹಳ ಮೆತ್ತನೆಯ ದನಿಯಲ್ಲಿ, ಬೇಲಿ ಎಷ್ಟು ಉದ್ದ ಎಂದು ರೈತನನ್ನು ಕೇಳಿದಳು.