ಸುಚಿತ್ರಾಳ ಕೈಗುಣ

ಕೆ. ಹೊಸಕೋಟೆ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ನನ್ನದು ಹೊಲಿಗೆ ಅಂಗಡಿ, ಪಕ್ಕದ್ದು ಸುಚಿತ್ರಾಳ ಫೋಟೋ ಸ್ಟುಡಿಯೋ. ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ ಮಾತ್ರ. ಅವಳು ಆ ಕಡೆ ಸೀನಿದರೆ ನಾನು ಈ ಕಡೆಯಿಂದ ‘ಚಿರಂಜೀವಿ’ ಎನ್ನುತ್ತೇನೆ. ಆದ್ದರಿಂದ ಅವಳ ಕಥೆ ಹೇಳಲು ನನಗಿರುವಷ್ಟು ಹಕ್ಕು ಅವಳ ಗಂಡನಿಗೂ ಇಲ್ಲ. ಆ ಪುಣ್ಯಾತ್ಮ ಶುಂಠಿ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಾನೆ.

ಸ್ಟುಡಿಯೋ ಅವಳ ಅಪ್ಪ ಚಂದ್ರಯ್ಯನವರದು. ಅವರ ಕಾಲದಲ್ಲಿ ಮಗುವಿಗೆ ಹೆಸರಿಟ್ಟರೂ ಜನ ಫೋಟೋ ತೆಗೆಸಲು ಬರುತ್ತಿದ್ದರು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಪಾಸ್‌ಪೋರ್ಟ್ ಸೈಜಿನ ಫೋಟೋ ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಸುಚಿತ್ರಾ ಸುಮ್ಮನೆ ಕೂರುವ ಪೈಕಿಯಲ್ಲ. ‘ನಿಮ್ಮ ನಗು, ನಮ್ಮ ಕ್ಲಿಕ್’ ಎಂದು ದೊಡ್ಡ ಫ್ಲೆಕ್ಸ್ ಬರೆಸಿ, ಕೆಳಗೆ ಫೋನ್ ನಂಬರ್ ಹಾಕಿಸಿ, ಬಸ್ ನಿಲ್ದಾಣದ ಕಂಬಕ್ಕೆ ಕಟ್ಟಿಸಿದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ನಾನು ಗೊಣಗಿದೆ. ವಾರ ಕಳೆಯುವುದರೊಳಗೆ ಫ್ಲೆಕ್ಸ್ ಮಾಯ. ಆಮೇಲೆ ಅವಳು ಪಕ್ಕದ ಮಗ್ಗೆ ಊರಿಗೆ ಹೋದಾಗ ಒಂದು ಮನೆಯ ಕಣದಲ್ಲಿ ಅದು ಕಾಣಿಸಿತಂತೆ. ಮೇಲೆ ಕಾಫಿ ಬೀಜ ಹರಡಿ ಒಣಗಿಸಿದ್ದರು. ಇವಳು ಜಗಳಕ್ಕೆ ನಿಂತರೆ ಆ ಮನೆಯಾಕೆ, “ನಿಮ್ದಾ ಇದು? ಭಾಳ ಚೆನ್ನಾಗೈತೆ ಕಣ್ರೀ, ಒಂಚೂರೂ ತ್ಯಾವ ಹಿಡಿಯಲ್ಲ!” ಎಂದು ಹೊಗಳಿ ಕಾಫಿ ಕುಡಿಸಿ ಕಳಿಸಿದಳಂತೆ. ವಾಟ್ಸಾಪ್ ಸ್ಟೇಟಸ್ಸಿಗೂ ದಿನಾ ಫೋಟೋ ಹಾಕುತ್ತಿದ್ದಳು. ನೋಡಿದವರೆಲ್ಲ ನೆಂಟರು. ಕೇಳುತ್ತಿದ್ದದ್ದು ಊಟ ಆಯ್ತಾ ಎಂದು.

ಕೊನೆಗೆ ಗಿರಾಕಿಗಳನ್ನು ತಂದದ್ದು ಅವಳು ಕಾಸು ಕೊಟ್ಟು ಮಾಡಿಸಿದ ಯಾವ ಪ್ರಚಾರವೂ ಅಲ್ಲ. ಮದುವೆಗೆ ಗಂಡು ಹೆಣ್ಣು ಕೂಡಿಸುವ ಕಸುಬಿನ ಲಕ್ಕಪ್ಪ ಒಂದು ಸಲ ಕೆಲವು ಹುಡುಗಿಯರನ್ನು ಇವಳ ಹತ್ತಿರ ಫೋಟೋಕ್ಕೆ ಕಳಿಸಿದ್ದ. ಅಷ್ಟೂ ಜನರಿಗೆ ಆ ಬೇಸಿಗೆಯಲ್ಲೇ ಗಂಡು ಗೊತ್ತಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೆ. ಆದರೆ ಲಕ್ಕಪ್ಪ ಹೋದಲ್ಲೆಲ್ಲ, “ಆ ಹೆಣ್ಮಗಳ ಕೈಗುಣ ಕಣ್ರೀ! ಒಂದ್ ಫೋಟೋ ಹೊಡ್ಸಿ ನೋಡಿ, ಗಂಡು ಹುಡುಕ್ಕೊಂಡ್ ಬತ್ತದೆ” ಎಂದು ಸಾರಿಬಿಟ್ಟ. ನಮ್ಮ ಕಡೆ ಡಾಕ್ಟರಿಗೆ ಕೈಗುಣ ಉಂಟು, ಸಸಿ ನೆಡುವವರಿಗೆ ಉಂಟು. ಇನ್ನು ಫೋಟೋದವಳಿಗೆ ಯಾಕಿರಬಾರದು? ಆಲೂರಿನಿಂದ, ಸಕಲೇಶಪುರದಿಂದ ಕೂಡ ಆಟೋ ಮಾಡಿಕೊಂಡು ಬಂದರು. ಮದುವೆ ಗೊತ್ತಾದವರು ರವಿಕೆ ಬಟ್ಟೆ ಹಿಡಿದು ನೇರ ನನ್ನ ಅಂಗಡಿಗೆ ಬರುತ್ತಿದ್ದರಿಂದ ನಾನೂ ಕೈಗುಣದ ಭಕ್ತೆಯಾದೆ.

ಅವಳ ಗುಟ್ಟು ನನಗೆ ಗೊತ್ತಿತ್ತು. ಹುಡುಗಿಯ ಜೊತೆ ಬಂದ ತಾಯಿಯನ್ನು ನನ್ನ ಅಂಗಡಿಗೆ ಸಾಗಹಾಕಿ, ಬಾಗಿಲು ಮುಂದೆ ಮಾಡಿ, “ನಿಮ್ಮವ್ವಂಗೆ ಗೊತ್ತಿಲ್ದಂಗೆ ಏನ್ ಮಾಡಿದ್ದೀಯ, ಹೇಳು” ಎಂದು ಕೇಳುತ್ತಿದ್ದಳು. ಹುಡುಗಿ ಹೇಳುವ ಮೊದಲೇ ನಗುತ್ತಿದ್ದಳು. ಆ ನಗುವೇ ಫೋಟೋ. ಅದನ್ನು ನೋಡಿ ಬೇಡ ಎನ್ನುವ ಗಂಡು ಇನ್ನೂ ಹುಟ್ಟಿರಲಿಲ್ಲ.

ಹೀಗಿರುವಾಗ ನಮ್ಮೂರ ಸಿದ್ದಬಸಪ್ಪನವರ ಮಗಳು ರಶ್ಮಿತಾ ತಾಯಿಯ ಜೊತೆ ಬಂದಳು. ನಾನು ತಾಯಿಗೆ ಸೀರೆ ಫಾಲ್ ತೋರಿಸುತ್ತಿದ್ದೆ. ಕಿವಿ ಮಾತ್ರ ಹಲಗೆಯ ಕಡೆಗೇ ಇತ್ತು. ಏನು ಮಾಡಿದ್ದೀಯ ಎಂದು ಸುಚಿತ್ರಾ ಕೇಳಿದಳು. ಒಳಗೆ ನಗುವಿನ ಸದ್ದು ಬರಲಿಲ್ಲ.

“ಅಕ್ಕಾ, ನಂಗೆ ಹಾಸನದಲ್ಲಿ ಬಿ.ಇಡಿ. ಸೀಟು ಸಿಕ್ಕೈತೆ. ಗಂಡು ಗೊತ್ತಾಗ್ಬುಟ್ರೆ ಅಪ್ಪ ಕಳ್ಸಲ್ಲ. ನಿಮ್ ಕೈಲಿ ಫೋಟೋ ಹೊಡ್ಸುದ್ರೆ ಗೊತ್ತಾಗೇ ಆಗ್ತದಂತೆ. ದಮ್ಮಯ್ಯ ಅಂತೀನಿ, ಚೆನ್ನಾಗಿ ತೆಗೀಬೇಡಿ.”

ಸುಚಿತ್ರಾ ಸ್ಟೂಲು ಎಳೆದು ಸರಿಮಾಡಿದ ಸದ್ದು ಕೇಳಿಸಿತು. ಆಮೇಲೆ, “ನೆಟ್ಟಗೆ ಕೂತ್ಕೋ. ರೇಷನ್ ಕಾರ್ಡಿಗೆ ಕೂರೋ ಹಂಗೆ” ಎಂದಳು.

ಫೋಟೋ ನೋಡಿ ತಾಯಿ ಬೆಚ್ಚಿಬಿದ್ದರು. “ಇದೇನವ್ವ, ಸಾಲ ವಸೂಲಿಗೆ ಬಂದೋಳಂಗೆ ಕಾಣ್ತಾಳಲ್ಲ!”

“ಗಾಂಭೀರ್ಯ ಕಣವ್ವ ಅದು,” ಎಂದಳು ಇವಳು. “ಮನೆ ನಡ್ಸೋ ಮುಖ.”

ಆ ಗಾಂಭೀರ್ಯ ಲಕ್ಕಪ್ಪನ ಮೊಬೈಲಿನಲ್ಲಿ ಊರೂರು ಸುತ್ತಿತು. ಹುಡುಗಿ ಸಿಡುಕಿ ಇರಬೇಕು ಎಂದು ಗಂಡಿನ ಕಡೆಯವರು ಒಬ್ಬರಾದ ಮೇಲೊಬ್ಬರು ಜಾರಿಕೊಂಡರು. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಓದಲಿ ಎಂದು ಸಿದ್ದಬಸಪ್ಪನವರು ಮಗಳನ್ನು ಹಾಸನಕ್ಕೆ ಸೇರಿಸಿ ಬಂದರು. ಇತ್ತ ಲಕ್ಕಪ್ಪ ಹೋಟೆಲಿನಲ್ಲಿ ಕೂತು, “ಆವಮ್ಮನ ಕೈಗುಣ ಹೋಗ್ಬುಡ್ತು ಮಾರಾಯ” ಎಂದು ಘೋಷಿಸಿದ. ಕಟ್ಟಲು ಎರಡು ವರ್ಷ ಹಿಡಿದ ಹೆಸರು ಎರಡು ಲೋಟ ಚಹಾದಲ್ಲಿ ಮುಳುಗಿತು. ಆಟೋಗಳು ನಿಂತವು. ಹುಡುಗಿಯರೆಲ್ಲ ಸಕಲೇಶಪುರದ ದೊಡ್ಡ ಸ್ಟುಡಿಯೋಗಳಿಗೆ ಹೋದರು.

ನನಗೆ ಮೈಯೆಲ್ಲ ಉರಿಯಿತು. “ನಿನ್ ಕಾಲ್ ಮೇಲೆ ನೀನೇ ಕಲ್ಲೆಳ್ಕೊಂಡ್ಯಲ್ಲೇ! ನಾನೇ ಹೋಗಿ ಲಕ್ಕಪ್ಪಂಗೆ ನಿಜ ಹೇಳ್ತೀನಿ” ಎಂದೆ.

“ಹೇಳುದ್ರೆ ಆ ಮಗೀನ ಕಾಲೇಜಿಂದ ಎಳ್ಕೊಂಡ್ ಬತ್ತಾರೆ, ಸರೋಜಕ್ಕ. ಬಾಯ್ ಬಿಟ್ರೆ ನಿಮ್ಗೂ ನಂಗೂ ಮಾತಿಲ್ಲ.”

ನಾನು ಬಾಯಿ ಬಿಡಲಿಲ್ಲ. ಅಷ್ಟು ದಿನ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ನನ್ನ ಜೀವಮಾನದ ಸಾಧನೆ. ದೀಪಾವಳಿ ಹೊತ್ತಿಗೆ ಅವಳು ಮಳಿಗೆ ಬಿಟ್ಟುಕೊಡುವ ಮಾತಾಡತೊಡಗಿದಳು. ಮೊಬೈಲ್ ರಿಪೇರಿಯವನೊಬ್ಬ ಬಂದು ಜಾಗ ಅಳೆದುಕೊಂಡೂ ಹೋದ. ಅಪ್ಪನ ಕಾಲದ ದೀಪಗಳನ್ನು ಅವಳು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕುವ ಸದ್ದು ಹಲಗೆಯ ಈಚೆ ಕೇಳುತ್ತಿತ್ತು. ನಾನು ಬೇಕೆಂದೇ ಮಿಷನ್ ಜೋರಾಗಿ ತುಳಿಯುತ್ತಿದ್ದೆ. ಅವಳಿಲ್ಲದ ಆ ಅಂಗಡಿ ನನಗೆ ಬೇಡವಾಗಿತ್ತು, ಅಷ್ಟೇ ನಿಜ.

ಒಂದು ಸಂಜೆ ಆಲೂರು ಬಸ್ಸಿನಿಂದ ತಾಯಮ್ಮ ಅನ್ನುವವರು ಮಗಳ ಜೊತೆ ಇಳಿದು ಬಂದರು. ಮುಖ ಗಂಟಿಕ್ಕಿಕೊಂಡಿತ್ತು. “ಸಕಲೇಶಪುರಕ್ಕೇ ಕರ್ಕೊಂಡೋಗ್ತೀನಿ ಅಂದ್ರೂ ಕೇಳಲ್ಲ ಇವ್ಳು. ಇಲ್ಲೇ ಹೊಡ್ಸಬೇಕಂತೆ, ಇಲ್ದಿದ್ರೆ ಫೋಟೋನೇ ಬ್ಯಾಡ್ವಂತೆ. ಏನ್ ಹಟಾನೋ!” ಎಂದರು. ನಾನು ಅವರನ್ನು ಒಳಗೆ ಕರೆದು ಕೂರಿಸಿದೆ. ಪಕ್ಕದಲ್ಲಿ ಸುಚಿತ್ರಾ ಪೆಟ್ಟಿಗೆಯಿಂದ ದೀಪ ತೆಗೆದು ಹಚ್ಚಿದಳು. ಆಮೇಲೆ ಹುಡುಗಿಯ ಪಿಸುಮಾತು ಕೇಳಿಸಿತು.

“ಅಕ್ಕಾ, ನಾನು ರಶ್ಮಿತಾ ಕಾಲೇಜಿಗೇ ಸೇರ್ಬೇಕು. ಅವ್ಳಿಗೆ ತೆಗ್ದಂಗೇ ನಂಗೂ ತೆಗೀರಿ. ನಮ್ಮೂರಲ್ಲಿ ಇನ್ನೂ ಸುಮಾರ್ ಜನ ಅವ್ರೆ ಅಕ್ಕ. ಎಲ್ರೂ ಅವ್ರವ್ರ ಅವ್ವಂದಿರ್ನ ಇಲ್ಗೇ ಎಳ್ಕೊಂಡ್ ಬತ್ತಾರಂತೆ.”

ಸುಚಿತ್ರಾ ನಕ್ಕಳು. ಎಷ್ಟೋ ತಿಂಗಳಿಂದ ಕೇಳದ ಆ ನಗುವಿಗೆ ಹುಡುಗಿಯೂ ಕಿಸಕ್ಕೆಂದಳು. ನನ್ನ ಕಣ್ಣು ಒದ್ದೆಯಾಗಿ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ.

“ಏಯ್, ನಗ್ಬೇಡ ಕಣೇ,” ಎಂದಳು ಸುಚಿತ್ರಾ. “ನಕ್ರೆ ಒಪ್ಕೊಂಡ್ಬುಡ್ತಾರೆ.”