ಮುಚ್ಚಳ ಬಿಟ್ಟು ಹೋದ ಡಬರಿ

ಆ ಯುಗಾದಿಯ ದಿನ ಹೂರಣದ ಬೇಳೆ ಕುದಿಸಲು ಹಿತ್ತಾಳೆಯ ಡಬರಿ ಹುಡುಕಿದೆ, ಸಿಗಲಿಲ್ಲ. ಅತ್ತೆಯವರ ತವರಿನಿಂದ ಬಂದ ಪಾತ್ರೆ ಅದು. ಅಟ್ಟದ ಮೇಲೆ, ಮಂಚದ ಕೆಳಗೆ, ಜೋಳದ ಚೀಲದ ಹಿಂದೆ, ಎಲ್ಲ ನೋಡಿದ್ದಾಯಿತು. ಹಬ್ಬದ ಗಡಿಬಿಡಿ, ಮೇಲೆ ಸೊಂಟನೋವು. ಅಷ್ಟರಲ್ಲಿ ರೊಟ್ಟಿ ಮಾಡುವ ಹೆಂಗಸು ಬಂದಳು. ಅವಳನ್ನು ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿಬಿಟ್ಟೆ: "ಡಬರಿ ನೀ ಏನರ ಒಯ್ದೀ ಏನು?"

"ಇಲ್ರಿ ಅಕ್ಕೋರ," ಅಂದಳು. ಅಂದಿನ ರೊಟ್ಟಿ ಬಡಿದು, ಹಿಟ್ಟು ನಾದುವ ಪರಾತ ತೊಳೆದು ಬೋರಲು ಹಾಕಿ ಹೋದಳು. ಮರುದಿನ ಬರಲಿಲ್ಲ.

ಬೀದರಿನ ನಮ್ಮ ಓಣಿಯಲ್ಲಿ ಅವಳು ಮೂರು ಮನೆಗಳಿಗೆ ರೊಟ್ಟಿ ಮಾಡುತ್ತಿದ್ದಳು, ಒಂಬತ್ತು ವರ್ಷದಿಂದ. ನಾನು ಕೇಳಿದ್ದು ಎದುರಿನ ಕಟ್ಟೆಯ ಮೇಲೆ ಕೂತವರ ಕಿವಿಗೂ ಬಿದ್ದಿತ್ತು. ವಾರದೊಳಗೆ ಉಳಿದ ಎರಡು ಮನೆಯವರೂ ಅವಳನ್ನು ಬಿಡಿಸಿದರು.

ಇದನ್ನು ನನಗೆ ಹೇಳಿದವಳು ಪಕ್ಕದ ಮನೆಯ ಗೆಳತಿ. ಮನೆಯಲ್ಲೇ ಕುಬಸ ಹೊಲಿಯುತ್ತಾಳೆ, ಬಿಡುವಿದ್ದಾಗ ಉರ್ದು ಪತ್ತೇದಾರಿ ಕಥೆ ಓದುತ್ತಾಳೆ. ನಾನು ಅವಳಿಗೆ ಆಪಾ ಅನ್ನುತ್ತೇನೆ, ಅವಳು ನನಗೆ ಅಕ್ಕಾ ಅನ್ನುತ್ತಾಳೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇಪ್ಪತ್ತು ವರ್ಷದಿಂದ ಇಬ್ಬರೂ ಒಪ್ಪಿಲ್ಲ.

"ನೋಡಕ್ಕಾ, ಅಂದಾಕಿ ನೀ. ಈಗ ಹುಡುಕಾಕಿನೂ ನೀನೇ," ಅಂದಳು. ಆಮೇಲೆ ಅಡುಗೆಮನೆಗೆ ಬಂದು, ಸೊಂಟಕ್ಕೆ ಕೈಯಿಟ್ಟು ಗೋಡೆಯ ಮಾಡಗಳನ್ನೆಲ್ಲ ನೋಡಿದಳು. ಮೂಲೆಯಲ್ಲಿ ಡಬರಿಯ ಮುಚ್ಚಳ ಇತ್ತು. ಅದನ್ನೆತ್ತಿ ನನ್ನ ಮುಖಕ್ಕೆ ಹಿಡಿದಳು. "ಕಳ್ಳರು ಮುಚ್ಚಳಾ ಇಟ್ಟು ಬರೇ ಡಬರಿ ಒಯ್ತಾರೇನು? ಇದೂ ಹಿತ್ತಾಳಿನೇ ಅಲ್ಲಾ?"

ನಾನು ಕೂತುಬಿಟ್ಟೆ. ಆ ಮುಚ್ಚಳ ಸಡಿಲ. ಬಸ್ಸಿನಲ್ಲಿ ಊರಿಗೆ ಏನಾದರೂ ಕಳಿಸುವಾಗ ಅದನ್ನು ಮನೆಯಲ್ಲೇ ಬಿಟ್ಟು, ಡಬರಿಯ ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಹಾಗಾದರೆ ಡಬರಿ ಮನೆ ಬಿಟ್ಟಿದ್ದು ತುಂಬಿಕೊಂಡೇ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಮಾಡಿದ ಕಾಳು-ಸೊಪ್ಪಿನ ಭಜ್ಜಿಯನ್ನು, ಬರಲಾಗದವರಿಗೆಂದು ನಾನೇ ಕಟ್ಟಿ ಕಳಿಸಿದ್ದೆ. ಅದರಲ್ಲಿ ಒಂದು ಪಾಲು ಭಾಲ್ಕಿಯ ನಾದಿನಿಗೆ. ಯಾವ ಪಾತ್ರೆಯಲ್ಲಿ ಎಂಬುದು ತಲೆಯಲ್ಲಿ ಉಳಿದಿರಲಿಲ್ಲ.

ಫೋನ್ ಮಾಡಲು ಹೋದರೆ ಅತ್ತೆ ಬಿಡಲಿಲ್ಲ. "ಉಣ್ಣಾಕಿ ಮುಂದಿನ ಗಂಗಾಳ ಕಸ್ಕೊಂಡಂಗ ಆಗ್ತದ. ಫೋನಿನ್ಯಾಗ ಪಾತ್ರಿ ಕೇಳ್ತಾರೇನ? ಹೋಗಿ ಮಾತಾಡ್ಸಿ ಬಾ."

ಆಪಾಳೂ ನಾನೂ ಹೋದೆವು. ಚೈತ್ರದ ಬಿಸಿಲು, ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ಆಪಾಳಿಗೆ ಸಕ್ಕರೆ ಕಾಯಿಲೆ, ಎರಡು ತಾಸಿಗೊಮ್ಮೆ ಏನಾದರೂ ತಿನ್ನಬೇಕು. ನನಗೆ ಮಂಡಿನೋವು. ಇಬ್ಬರ ಚೀಲದಲ್ಲೂ ಆಧಾರ್ ಕಾರ್ಡು, ನೀರಿನ ಬಾಟಲಿ, ಗುಳಿಗೆ. "ಪತ್ತೇದಾರರು ಹಿಂಗ ಇರ್ತಾರೇನ ಆಪಾ?" ಅಂದೆ. "ಕಥಿಯೊಳಗ ಅವರಿಗೆ ಮಂಡಿ ಇರಂಗಿಲ್ಲ," ಅಂದಳು.

ನಾದಿನಿ ಚಹಾ ಮಾಡಿದಳು, ಎಲ್ಲರ ಕ್ಷೇಮ ಕೇಳಿದಳು. ನೀರು ಬೇಕೆಂದು ಆಪಾ ಎದ್ದು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದು ಕಣ್ಣಲ್ಲೇ ಇಲ್ಲ ಎಂದಳು. ನಾದಿನಿಗೆ ನಗು ಬಂತು. "ಏನ್ರೀ, ನಮ್ಮ ಮನಿ ತಲಾಶಿ ಮಾಡ್ಲಿಕ್ಕೆ ಬಂದೀರೇನು?"

ಹೇಳಿದೆ. ರೊಟ್ಟಿಯವಳ ವಿಷಯವನ್ನೂ ಹೇಳಿದೆ. ನಾದಿನಿ ನಗು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಅಯ್ಯ ಯವ್ವಾ. ಡಬರಿ ಇಲ್ಲಿಗೇ ಬಂದಿತ್ತು. ಖಾಲಿ ಹ್ಯಾಂಗ ಕಳಿಸ್ಲಿ ಅಂತ ಶೇಂಗಾ ಉಂಡಿ ಮಾಡಿ ತುಂಬಿ, ಬಾಗಿಲ ಕಡೆ ಇಟ್ಟಿದ್ದೆ. ಬೀದರಿಗೆ ಹೋಗಾವ್ರು ಯಾರರ ಸಿಗಲಿ ಅಂತ. ಅವತ್ತೇ ಎಕಂಬಾದ ಬೀಗತಿ ಬಂದಿದ್ರು. ಅವರು ಹೊರಟಾಗ ನಮ್ಮ ಸೊಸಿ, ಬೀಗರನ್ನ ಬರಿಗೈಲಿ ಹ್ಯಾಂಗ ಕಳಿಸೋದು ಅಂತ, ಡಬರಿ ಎತ್ತಿ ಅವರ ಕೈಗೆ ಕೊಟ್ಟೇಬಿಟ್ಲು."

"ನೀ ನೋಡ್ಕೋತ ನಿಂತಿದ್ದ್ಯಾ?"

"ಮತ್ತೇನು ಮಾಡ್ಲಿ ವೈನಿ? ಮಗಳನ್ನ ಕೊಟ್ಟ ಮನಿ. ಬೀಗತಿ ಕೈಯಾಗಿಂದು ಕಸ್ಕೊಳ್ಳೇನು?"

ಅವಳ ಮೇಲೆ ನನಗೆ ಸಿಟ್ಟು ಮಾಡಲಾಗಲಿಲ್ಲ. ನಾನಾದರೂ ಕಸಿದುಕೊಳ್ಳುತ್ತಿರಲಿಲ್ಲ.

ಭಾಲ್ಕಿಯಿಂದ ಔರಾದ, ಅಲ್ಲಿಂದ ಎಕಂಬಾ. ಔರಾದಿನ ನಿಲ್ದಾಣದಲ್ಲಿ ಒಂದು ತಾಸು ಕಾದೆವು. ಆಪಾ ಚಪ್ಪಲಿ ಬಿಟ್ಟು, ಕಾಲು ಮೇಲಿಟ್ಟುಕೊಂಡು ಎರಡು ಬಿಸ್ಕೀಟು ತಿಂದಳು. "ಅಕ್ಕಾ, ಡಬರಿ ಅಲ್ಲೂ ಇಲ್ಲಂದ್ರ?" ಎಂದಳು. ಆ ಮುಚ್ಚಳ ನೋಡಿದಾಗಿನಿಂದ ರೊಟ್ಟಿಯವಳು ಒಯ್ದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಓಣಿಗೆ ತೋರಿಸಲು ಡಬರಿಯೇ ಬೇಕಿತ್ತು.

ಬೀಗತಿಯ ಮನೆಯಲ್ಲಿ ಹುಡುಕುವ ಕೆಲಸವೇ ಬೀಳಲಿಲ್ಲ. ಡಬರಿ ಪಡಸಾಲೆಯ ಮಾಡದಲ್ಲಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟಿತ್ತು. "ಮೂರು ತಿಂಗಳಾತ್ರಿ, ದಿನಾ ನೋಡ್ತೇನಿ, ದಿನಾ ನಾಚಿಕಿ ಬರ್ತದ," ಎಂದರು ಆಕೆ. "ಖಾಲಿ ಕಳಿಸೋದು ಹ್ಯಾಂಗರಿ? ಹೊಸ ತೊಗರಿ ಬ್ಯಾಳಿ ಆಗಲಿ ಅಂತ ಕಾಯ್ಲಿಕತ್ತಿದ್ದೆ." ಬೇಳೆ ಇನ್ನೂ ಮಾಳಿಗೆಯ ಮೇಲೆ ಒಣಗುತ್ತಿತ್ತು. ಹಾಗೇ ಕೊಡಿ ಎಂದರೂ ಕೇಳದೆ, ಮೇಲೆ ಹತ್ತಿ, ಮೊರದಲ್ಲಿ ಕೇರಿ, ಕಲ್ಲು ಆರಿಸಿ, ತುಂಬಿಸಿ ಬಾಯಿ ಕಟ್ಟಿದರು. ನಮ್ಮ ಬಸ್ಸು ತಪ್ಪಿತು. ಆಪಾ ಆ ಭಾರವನ್ನು ಸೊಂಟದ ಮೇಲಿಟ್ಟುಕೊಂಡು, "ಸಬೂತು ಭಾಳ ತೂಕದ್ದದ," ಎಂದಳು.

ಮರುದಿನ ಡಬರಿ ಹಿಡಿದುಕೊಂಡು ಆ ಎರಡೂ ಮನೆಗೆ ಹೋಗಿ ತಪ್ಪು ನನ್ನದೆಂದು ಹೇಳಿ ಬಂದೆ. ಎದುರು ಕಟ್ಟೆಯ ಮೇಲಿದ್ದವರಿಗೂ ಹೇಳಿದೆ. ಒಂದು ಮನೆಯವರು ಮತ್ತೆ ಅವಳನ್ನು ಕರೆಯುತ್ತೇವೆ ಎಂದರು. ಇನ್ನೊಂದು ಮನೆಯವರು ಆಗಲೇ ಬೇರೆಯವರನ್ನು ಹಚ್ಚಿಕೊಂಡಿದ್ದರು.

ಆಮೇಲೆ ಅವಳ ಮನೆಗೆ. ಆಪಾ ಜೊತೆಗೆ ಬಂದಳು, ಬಾಗಿಲಲ್ಲೇ ನಿಂತಳು. ರೊಟ್ಟಿಯವಳು ನಮಗೆ ಚಾಪೆ ಹಾಸಿದಳು, ನೀರು ಕೊಟ್ಟಳು. ನಾನು ಭಾಲ್ಕಿಯಿಂದ ಎಕಂಬಾದವರೆಗಿನ ಕಥೆಯೆಲ್ಲ ಹೇಳಿದೆ. ಬೀಗತಿಯ ಮಾತಿಗೆ ಸ್ವಲ್ಪ ನಕ್ಕಳು ಕೂಡ. ನಾಳೆಯಿಂದ ಬಾ ಎಂದೆ.

"ಡಬರಿ ಸಿಕ್ತು, ಛಲೋ ಆತ್ರಿ ಅಕ್ಕೋರ," ಎಂದಳು. "ಸಿಗಲಾರದ ಹೋಗಿದ್ರ?"

ನಾನು ಆಪಾಳ ಕಡೆ ನೋಡಿದೆ. ಅವಳು ಬೀದಿ ನೋಡುತ್ತಿದ್ದಳು.

ಎರಡು ವರ್ಷವಾಯಿತು. ರೊಟ್ಟಿ ನಾನೇ ಬಡಿಯುತ್ತೇನೆ. ಅಂಚು ಒಡೆಯುತ್ತದೆ; ಅತ್ತೆ ಹಾಲಲ್ಲಿ ಮುರಿದುಕೊಂಡು ಉಣ್ಣುತ್ತಾರೆ. ಒಂಬತ್ತರ ಸುಮಾರಿಗೆ ರೊಟ್ಟಿಯವಳು ಆ ಒಂದು ಮನೆಗೆ ಹೋಗುತ್ತ ನಮ್ಮ ಬಾಗಿಲ ಮುಂದೆ ಹಾಯುತ್ತಾಳೆ. "ಚಹಾ ಆತೇನ್ರಿ ಅಕ್ಕೋರ?" ಎಂದು ಕೇಳುತ್ತಾಳೆ. "ಆತವ್ವಾ, ಬಾ, ನೀನೂ ಒಂದೀಟು ಕುಡಿ," ಅನ್ನುತ್ತೇನೆ. "ಹೊತ್ತಾಗ್ತದ್ರಿ," ಎಂದು ನಡೆಯುತ್ತಾಳೆ. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನಾನು ಹಂಚಿನ ಮುಂದೆ ಕೂರುತ್ತೇನೆ.